ಪದವಿ ಪಠ್ಯಪುಸ್ತಕದ ಆಯುಷ್ಯ ಎಷ್ಟು ವರ್ಷ?

ಬೆಂಗಳೂರಿನ ಅವೆನ್ಯೂ ರಸ್ತೆಗೆ ಪದವಿ ತರಗತಿಯ ಪುಸ್ತಕ ಹುಡುಕಿಕೊಂಡು ಹೋದ ವಿದ್ಯಾರ್ಥಿಗೆ ಅಂಗಡಿಯವರು ಮೊದಲು ಕೇಳುವುದು ಪುಸ್ತಕದ ಹೆಸರನ್ನಲ್ಲ; ಬರೆದವರ ಹೆಸರನ್ನಂತೂ ಅಲ್ಲವೇ ಅಲ್ಲ. ‘ಯಾವ ಯೂನಿವರ್ಸಿಟಿ? ಎಷ್ಟನೇ ಸೆಮ್? ಯಾವ ಸ್ಕೀಮು?’ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಅವರ ಕೈ ಕಪಾಟಿನತ್ತ ಹೋಗುತ್ತದೆ. ಮೂರರಲ್ಲಿ ಒಂದು ಉತ್ತರ ತಪ್ಪಿದರೂ ಕೊಂಡ ಪುಸ್ತಕ ದಂಡ.

‘ಈಗಿನ ಹುಡುಗರು ಪುಸ್ತಕ ಕೊಳ್ಳುವುದಿಲ್ಲ, ಕೊಂಡರೂ ಓದುವುದಿಲ್ಲ’ ಎಂಬ ದೂರು ಅಧ್ಯಾಪಕರ ಕೊಠಡಿಗಳಲ್ಲಿ, ಪತ್ರಿಕೆಗಳ ವಾಚಕರ ಪತ್ರಗಳಲ್ಲಿ, ವಿಚಾರ ಸಂಕಿರಣಗಳ ಸಮಾರೋಪ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ದೂರಿನಲ್ಲಿ ಸುಳ್ಳಿಲ್ಲ. ಆದರೆ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬೇಕಾದದ್ದು ವಿದ್ಯಾರ್ಥಿಯನ್ನೇ ಎಂಬುದು ಚರ್ಚೆಯಾಗಬೇಕಾದ ವಿಷಯ. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಸರಕಾರಗಳೂ ವಿಶ್ವವಿದ್ಯಾಲಯಗಳೂ ಸೇರಿ ಪಠ್ಯಪುಸ್ತಕವೆಂಬ ವಸ್ತುವಿನ ಆಯುಷ್ಯವನ್ನೇ ಕತ್ತರಿಸಿವೆ. ಎರಡು-ಮೂರು ವರ್ಷ ಮಾತ್ರ ಬಾಳುವ ಪುಸ್ತಕವನ್ನು ಕೊಳ್ಳುವುದು ಬಡವನಿಗೆ ನಷ್ಟ, ಇಟ್ಟುಕೊಳ್ಳುವುದು ಗ್ರಂಥಾಲಯಕ್ಕೆ ಹೊರೆ, ಶ್ರಮಪಟ್ಟು ಬರೆಯುವುದು ಲೇಖಕನಿಗೆ ವ್ಯರ್ಥ. ಓದದಿರುವುದೇ ಜಾಣತನವೆನಿಸುವ ವ್ಯವಸ್ಥೆಯನ್ನು ನಿರ್ಮಿಸಿಟ್ಟು, ಆಮೇಲೆ ಓದುವುದಿಲ್ಲವೆಂದು ಮಕ್ಕಳನ್ನು ಬೈಯುತ್ತಿದ್ದೇವೆ.

ಹತ್ತನೇ ತರಗತಿಯ ನಂತರ

ಕರ್ನಾಟಕದಲ್ಲಿ ಸರಕಾರಿ ಶಾಲೆಯ ಮಗುವಿಗೆ ಹತ್ತನೇ ತರಗತಿಯವರೆಗೆ ಪಠ್ಯಪುಸ್ತಕ ಉಚಿತ. ಅದನ್ನು ಸಿದ್ಧಪಡಿಸಿ ಮುದ್ರಿಸಲು ಕರ್ನಾಟಕ ಪಠ್ಯಪುಸ್ತಕ ಸಂಘವೆಂಬ ಸಂಸ್ಥೆಯೇ ಇದೆ. ಪುಸ್ತಕ ಸಕಾಲಕ್ಕೆ ತಲುಪದಿದ್ದರೆ ವಿಧಾನಮಂಡಲದಲ್ಲಿ ಗದ್ದಲವಾಗುತ್ತದೆ, ಒಂದು ಪಾಠ ಬದಲಾದರೆ ಬೀದಿಯಲ್ಲಿ ಹೋರಾಟವಾಗುತ್ತದೆ. ಪಿಯುಸಿ ವಿಜ್ಞಾನ ವಿಭಾಗದಲ್ಲಿ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯಗಳು ಜಾರಿಗೆ ಬಂದವು. ಅಲ್ಲಿಯೂ ರಾಜ್ಯಕ್ಕೆಲ್ಲ ಒಂದೇ ಪುಸ್ತಕ. ಬೀದರ್‌ನ ವಿದ್ಯಾರ್ಥಿಯೂ ಕೊಳ್ಳೇಗಾಲದ ವಿದ್ಯಾರ್ಥಿಯೂ ಅದೇ ಭೌತಶಾಸ್ತ್ರ ಓದುತ್ತಾರೆ.

ಪದವಿಯ ಹೊಸ್ತಿಲು ದಾಟಿದ ಕೂಡಲೇ ಈ ಕಾಳಜಿ ಮಾಯವಾಗುತ್ತದೆ. ಅಲ್ಲಿ ವಿದ್ಯಾರ್ಥಿಗೆ ಸಿಗುವುದು ಪುಸ್ತಕವಲ್ಲ, ಪಠ್ಯಕ್ರಮದ ಪ್ರತಿ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಒಂದು ವಿಷಯವನ್ನು ನಾಲ್ಕೈದು ಘಟಕಗಳಾಗಿ ಹಂಚಿ, ಕೊನೆಯಲ್ಲಿ ಪರಾಮರ್ಶನ ಗ್ರಂಥಗಳೆಂದು ಎಂಟು-ಹತ್ತು ಹೆಸರು ಬರೆದು ಕೈತೊಳೆದುಕೊಳ್ಳುತ್ತದೆ. ಆ ಗ್ರಂಥಗಳು ಅಂಗಡಿಯಲ್ಲಿ ಸಿಗುತ್ತವೆಯೇ, ಕಾಲೇಜಿನ ಗ್ರಂಥಾಲಯದಲ್ಲಿ ಎಷ್ಟು ಪ್ರತಿಗಳಿವೆ, ಕನ್ನಡದಲ್ಲಿ ಪರೀಕ್ಷೆ ಬರೆಯುವವನಿಗೆ ಅವುಗಳಲ್ಲಿ ಒಂದಾದರೂ ಕನ್ನಡದಲ್ಲಿದೆಯೇ ಎಂಬುದು ಮಂಡಳಿಯ ಚಿಂತೆಯಲ್ಲ. ಭಾಷಾ ಪಠ್ಯಗಳನ್ನು ಮಾತ್ರ ವಿಶ್ವವಿದ್ಯಾಲಯದ ಪ್ರಸಾರಾಂಗ ಮುದ್ರಿಸುತ್ತದೆ. ಅದೂ ಎಷ್ಟೋ ಸಲ ತರಗತಿಗಳು ಅರ್ಧ ಮುಗಿದ ಮೇಲೆ ಬಂದು ಊಟಕ್ಕಿಲ್ಲದ ಉಪ್ಪಿನಕಾಯಿಯಾಗುತ್ತದೆ. ಹೆಸರಿಗೆ ಹದಿನಾರು ವಾರಗಳ ಸೆಮಿಸ್ಟರ್‌ನಲ್ಲಿ ಎಂಟನೇ ವಾರ ಬಂದ ಪುಸ್ತಕವನ್ನು ಓದಲು ಉಳಿಯುವ ಕಾಲವೆಷ್ಟು?

ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿಗೆ ಬರುವವರಲ್ಲಿ ಬಹಳಷ್ಟು ಮಂದಿ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಮನೆಯಲ್ಲಿ ಅಣ್ಣನ ಪುಸ್ತಕವಿಲ್ಲ, ಅಪ್ಪನ ಕಪಾಟಿಲ್ಲ. ಒಂದು ಸೆಮಿಸ್ಟರಿಗೆ ಆರು ವಿಷಯ, ಒಂದು ಪುಸ್ತಕಕ್ಕೆ 300 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ಆರು ತಿಂಗಳಿಗೊಮ್ಮೆ 1,800 ರೂಪಾಯಿ. ಕೂಲಿ ಮಾಡುವ ತಾಯಿಯ ಮುಂದೆ ಈ ಮೊತ್ತವನ್ನು ಇಡಲು ಹಿಂಜರಿಯುವ ಹುಡುಗಿಗೆ ಓದಿನ ಆಸಕ್ತಿ ಇಲ್ಲವೆಂದು ಹೇಳುವುದು ಸುಲಭ.

ಒಂದೇ ಕಾಲೇಜಿನಲ್ಲಿ ಎರಡು ನೀತಿ

ಈ ಕಷ್ಟಕ್ಕೆ ಹಿಂದಿನ ತಲೆಮಾರು ಕಂಡುಕೊಂಡಿದ್ದ ಪರಿಹಾರ ಹಳೆಯ ಪುಸ್ತಕ. ಹಳೆ ಪುಸ್ತಕದಂಗಡಿಯಲ್ಲಿ ಕೊಂಡ ಅರ್ಥಶಾಸ್ತ್ರದ ಮೊದಲ ಪುಟ ತೆರೆದರೆ ಮೂರು ನಾಲ್ಕು ಹೆಸರುಗಳು, ಒಂದರ ಕೆಳಗೊಂದು, ಬೇರೆ ಬೇರೆ ಶಾಯಿಯಲ್ಲಿ ಇರುತ್ತಿದ್ದವು. ಅರ್ಧ ಬೆಲೆಗೆ ಕೊಂಡು, ಮೂರು ವರ್ಷ ಓದಿ, ಕಾಲುಭಾಗ ಕಳೆದುಕೊಂಡು ಮಾರಬಹುದಿತ್ತು. ಹಾಗಾಗಿ ಪುಸ್ತಕವೊಂದರ ನಿಜವಾದ ಖರ್ಚು ಮುಖಬೆಲೆಗಿಂತ ಎಷ್ಟೋ ಕಡಿಮೆಯಾಗಿರುತ್ತಿತ್ತು. ಸೀನಿಯರ್ ಒಬ್ಬ ಜೂನಿಯರ್‌ಗೆ ಪುಸ್ತಕ ದಾಟಿಸುವುದು ಹಾಸ್ಟೆಲುಗಳ ಅಲಿಖಿತ ನಿಯಮವಾಗಿತ್ತು.

ಈ ಸರಪಳಿ ಎಲ್ಲಿ ಕಡಿಯಿತೆಂಬುದನ್ನು ನೋಡಿ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ಅನ್ವಯಿಸುವ ಆದೇಶವನ್ನು ಕರ್ನಾಟಕ 2021ರ ಆಗಸ್ಟ್‌ನಲ್ಲಿ, ದೇಶದಲ್ಲೇ ಮೊದಲಿಗನಾಗಿ ಹೊರಡಿಸಿತು. ಅದೇ ಸಾಲಿನಿಂದ ನಾಲ್ಕು ವರ್ಷಗಳ ಆನರ್ಸ್ ಪದವಿ, ಮುಕ್ತ ಐಚ್ಛಿಕ ವಿಷಯಗಳು, ಹೊಸ ಪಠ್ಯಕ್ರಮ ಬಂದವು. ಪ್ರವೇಶ ಆರಂಭವಾದಾಗ ಪಠ್ಯಕ್ರಮವೇ ಬಿಸಿಬಿಸಿಯಾಗಿತ್ತು, ಪುಸ್ತಕದ ಮಾತೆಲ್ಲಿ? ಸರಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ 2023ರಲ್ಲಿ ರಚನೆಯಾಯಿತು. ಅದರ ಮಧ್ಯಂತರ ವರದಿಯ ಆಧಾರದ ಮೇಲೆ 2024ರ ಮೇ ತಿಂಗಳಲ್ಲಿ ಸರಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು.

ಎರಡು ನೀತಿಗಳಲ್ಲಿ ಯಾವುದು ಮೇಲೆಂಬ ವಾದ ಇಲ್ಲಿ ಬೇಡ. ಪುಸ್ತಕದ ಕಣ್ಣಿನಿಂದ ಮಾತ್ರ ನೋಡೋಣ. 2024-25ರಲ್ಲಿ ಒಂದೇ ಕಾಲೇಜಿನ ಮೊದಲ ವರ್ಷದವರಿಗೆ ರಾಜ್ಯದ ಪಠ್ಯಕ್ರಮ, ಎರಡನೇ ಮತ್ತು ಮೂರನೇ ವರ್ಷದವರಿಗೆ ರಾಷ್ಟ್ರೀಯ ನೀತಿಯ ಪಠ್ಯಕ್ರಮ. ಎರಡನೇ ವರ್ಷದವನು ತನ್ನ ಮೊದಲ ವರ್ಷದ ಪುಸ್ತಕಗಳನ್ನು ಕಿರಿಯನಿಗೆ ಕೊಡಹೋದರೆ, ‘ಇದು ನಮ್ಮ ಸ್ಕೀಮಲ್ಲ ಅಣ್ಣ’ ಎಂಬ ಉತ್ತರ. ರಾಷ್ಟ್ರೀಯ ನೀತಿಯ ಮೊದಲ ಸೆಮಿಸ್ಟರಿಗೆಂದು ಅಚ್ಚಾದ ಪುಸ್ತಕಗಳನ್ನು ಬಳಸಿದ್ದು ಮೂರೇ ಮೂರು ತಂಡಗಳು. ನಂತರ ಅವು ಅಂಗಡಿಯ ಅಟ್ಟ ಸೇರಿದವು, ಅಲ್ಲಿಂದ ಕೆ.ಜಿ. ಲೆಕ್ಕದ ರದ್ದಿಗೆ ಹೋದವು.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಅನುಭವ ಇನ್ನೂ ಹಳತು. 1998ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2002, 2006, 2010 ಹೀಗೆ ನಾಲ್ಕು ವರ್ಷಕ್ಕೊಮ್ಮೆ ಸ್ಕೀಮು ಬದಲಾಗುತ್ತಿತ್ತು. ಅದರಲ್ಲೊಂದು ಲೆಕ್ಕಾಚಾರವಿತ್ತು, ಒಂದು ತಂಡ ಒಳಬಂದು ಹೊರಹೋಗುವಷ್ಟು ಕಾಲ ಪುಸ್ತಕ ಬಾಳುತ್ತಿತ್ತು. ಆಮೇಲೆ 2015, 2017, 2018, 2021, 2022ರ ಸ್ಕೀಮುಗಳು ಬಂದವು. ಎಂಟು ವರ್ಷದಲ್ಲಿ ಐದು. ಬದಲಾದದ್ದು ನ್ಯೂಟನ್ನನ ನಿಯಮವೂ ಅಲ್ಲ, ಕಲನಶಾಸ್ತ್ರವೂ ಅಲ್ಲ. ಮೂರನೇ ಘಟಕ ಐದನೆಯದಾಯಿತು, ಎರಡು ಉಪಘಟಕ ಮುಂದಿನ ಸೆಮಿಸ್ಟರಿಗೆ ಹೋದವು, ವಿಷಯದ ಸಂಕೇತ ಸಂಖ್ಯೆ ಬದಲಾಯಿತು. ಹಳೆಯ ಪುಸ್ತಕ ಬೆಲೆ ಕಳೆದುಕೊಳ್ಳಲು ಇಷ್ಟು ಸಾಕು.

ವಿಶ್ವವಿದ್ಯಾಲಯಗಳ ವಿಭಜನೆಯೂ ಸೇರಿಕೊಂಡಿತು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. 2023ರಲ್ಲಿ ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಪ್ರತಿ ವಿಶ್ವವಿದ್ಯಾಲಯಕ್ಕೂ ತನ್ನದೇ ಅಧ್ಯಯನ ಮಂಡಳಿ ಕಟ್ಟಿಕೊಳ್ಳುವ, ತನ್ನದೇ ಪಠ್ಯ ನಿಗದಿಪಡಿಸುವ ಹಕ್ಕು. ಮಾರುಕಟ್ಟೆ ಹೀಗೆ ಹೋಳಾದರೆ ಪ್ರಕಾಶಕ ಹಾಕುವ ಪ್ರತಿಗಳ ಸಂಖ್ಯೆ ಇಳಿಯುತ್ತದೆ. ಅಕ್ಷರ ಜೋಡಣೆ, ಕರಡು ತಿದ್ದುವಿಕೆ, ಪುಟವಿನ್ಯಾಸದ ಖರ್ಚು ಸಾವಿರ ಪ್ರತಿಗೂ ಅಷ್ಟೇ, ಹತ್ತು ಸಾವಿರ ಪ್ರತಿಗೂ ಅಷ್ಟೇ. ಪ್ರತಿ ಕಡಿಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂಬುದು ನಿಜ. ಆದರೆ ಕಾಗದಕ್ಕೆ ಉಂಟು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಹೊಸ ದರಗಳಲ್ಲಿ ನೋಟ್‌ಬುಕ್ ತಯಾರಿಕೆಯ ಕಾಗದಕ್ಕೆ ತೆರಿಗೆ ಹೋಯಿತು. ಪುಸ್ತಕ ಮುದ್ರಣದ ಕಾಗದದ ಮೇಲಿನ ತೆರಿಗೆ ಶೇ. 12ರಿಂದ ಶೇ. 18ಕ್ಕೇರಿತು. ಮಾರುವ ಪುಸ್ತಕಕ್ಕೆ ತೆರಿಗೆ ಇಲ್ಲದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ಪ್ರಕಾಶಕ ಮರಳಿ ಪಡೆಯುವಂತಿಲ್ಲ. ಕೊನೆಗೆ ಅದು ಸೇರುವುದು ಮುಖಬೆಲೆಗೇ.

ಪುಸ್ತಕ ಅಗ್ಗವಾಗಿದ್ದ ಕಾಲ

ಪಠ್ಯಪುಸ್ತಕ ಅಗ್ಗವಾಗಿ ಸಿಗುವುದು ಆಕಸ್ಮಿಕವಲ್ಲ; ಅದು ಯಾರೋ ಕೈಗೊಂಡ ನಿರ್ಧಾರದ ಫಲ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದ ಕುವೆಂಪು, ಅಧ್ಯಯನ ಮತ್ತು ಸಂಶೋಧನೆಗಳ ಜೊತೆಗೆ ಪ್ರಸಾರವೂ ವಿಶ್ವವಿದ್ಯಾಲಯದ ಅಂಗವೇ ಎಂದು ಸಾರಿದರು. ಕನ್ನಡದಲ್ಲಿ ಪುಸ್ತಕ ಬರುವವರೆಗೆ ಕನ್ನಡ ಮಾಧ್ಯಮ ಕಾಯಲಿ ಎಂಬ ಆಕ್ಷೇಪಕ್ಕೆ ಅವರ ನಿಲುವು ಸ್ಪಷ್ಟವಾಗಿತ್ತು: ಕಲಿಸಲು ತೊಡಗಿದರೆ ಪುಸ್ತಕ ಬಂದೇ ಬರುತ್ತದೆ.

1968ರ ಹೊತ್ತಿಗೆ ಕೇಂದ್ರ ಸರಕಾರ ವಿಶ್ವವಿದ್ಯಾಲಯ ಮಟ್ಟದ ಪುಸ್ತಕಗಳನ್ನು ದೇಶಭಾಷೆಗಳಲ್ಲಿ ತರಲು ಪ್ರತಿ ರಾಜ್ಯಕ್ಕೂ ಒಂದು ಕೋಟಿ ರೂಪಾಯಿಗಳ ಯೋಜನೆ ರೂಪಿಸಿತು. ಆ ಹಣದ ಬಲದಿಂದ ಕನ್ನಡದಲ್ಲಿ ಭೌತಶಾಸ್ತ್ರ, ಸಸ್ಯಶಾಸ್ತ್ರ, ರಾಜ್ಯಶಾಸ್ತ್ರಗಳ ಪದವಿ ಮಟ್ಟದ ಪುಸ್ತಕಗಳು ಬಂದವು. ಅವುಗಳ ಪರಿಭಾಷೆ ಗಡಸೆಂದು ದೂರಿದವರಿದ್ದಾರೆ, ಗೋದಾಮಿನಲ್ಲಿ ಕೊಳೆತವೆಂದು ಹಾಸ್ಯ ಮಾಡಿದವರಿದ್ದಾರೆ. ದೋಷಗಳಿದ್ದವು, ನಿಜ. ಆದರೂ ಪುಸ್ತಕ ಒದಗಿಸುವುದು ತನ್ನ ಹೊಣೆಯೆಂದು ಆಗಿನ ಸರಕಾರ ಒಪ್ಪಿಕೊಂಡಿತ್ತು.

ಇಂಗ್ಲಿಷ್ ಪುಸ್ತಕಗಳ ವಿಷಯದಲ್ಲೂ ಹಾಗೆಯೇ. ಬ್ರಿಟಿಷ್ ಸರಕಾರದ ನೆರವಿನ ಇಎಲ್‌ಬಿಎಸ್ ಮಾಲೆಯ ಅಗ್ಗದ ವೈದ್ಯಕೀಯ ಮತ್ತು ತಾಂತ್ರಿಕ ಪುಸ್ತಕಗಳು 1990ರ ದಶಕದವರೆಗೂ ನಮ್ಮ ವಿದ್ಯಾರ್ಥಿಗಳ ಕೈಯಲ್ಲಿದ್ದವು. ಮಾಸ್ಕೋದ ಮಿರ್ ಪ್ರಕಾಶನದ ಗಣಿತ-ವಿಜ್ಞಾನದ ಪುಸ್ತಕಗಳು ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದವು. ರಟ್ಟಿನ ಗಟ್ಟಿ ಹೊದಿಕೆ, ಕೈಗೆಟಕುವ ಬೆಲೆ. ಶೀತಲ ಸಮರದ ಎರಡು ಬಣಗಳ ಪೈಪೋಟಿಯಲ್ಲಿ ನಮ್ಮ ಹುಡುಗರಿಗೆ ಲಾಭವಾಯಿತು. ಸೋವಿಯತ್ ಒಕ್ಕೂಟ ಕುಸಿಯಿತು, ಬ್ರಿಟನ್ನಿನ ನೆರವು ನಿಂತಿತು. ಆ ಜಾಗಕ್ಕೆ ನಮ್ಮದೇ ಆದ ವ್ಯವಸ್ಥೆಯೊಂದು ಬರಬೇಕಿತ್ತು. ಬಂದದ್ದು ಗೈಡು.

ಗೈಡಿನ ನ್ಯಾಯ

ಗೈಡನ್ನು ಬೈಯುವ ಮೊದಲು ಅದು ಯಾವ ಕೆಲಸ ಮಾಡುತ್ತದೆಂದು ನೋಡಬೇಕು. ಹದಿನಾರು ವಾರದಲ್ಲಿ ರಜೆ, ಕಾಲೇಜು ಹಬ್ಬ, ಆಂತರಿಕ ಪರೀಕ್ಷೆಗಳನ್ನು ಕಳೆದರೆ ತರಗತಿಗೆ ಉಳಿಯುವುದು ಕಡಿಮೆ. ಸರಕಾರಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ. ಅವರ ನೇಮಕವೋ ಸೆಮಿಸ್ಟರ್ ಶುರುವಾದ ಮೇಲೆ ಆಗುವುದೇ ಹೆಚ್ಚು. ಮುಂದಿನ ವರ್ಷ ತಾನು ಇಲ್ಲಿರುತ್ತೇನೆಂಬ ಭರವಸೆಯಿಲ್ಲದ ಉಪನ್ಯಾಸಕ, ಹೊಸ ಪಠ್ಯಕ್ರಮಕ್ಕೆ ಟಿಪ್ಪಣಿ ಸಿದ್ಧಪಡಿಸಿಕೊಳ್ಳುವುದು ಎಲ್ಲಿಂದ? ಅನೇಕ ಕಡೆ ಗೈಡು ವಿದ್ಯಾರ್ಥಿಗಿಂತ ಮೊದಲು ಅವರ ಕೈಸೇರುತ್ತದೆ. ಪಠ್ಯಕ್ರಮ ಪ್ರಕಟವಾದ ಕೆಲವೇ ವಾರಗಳಲ್ಲಿ ಘಟಕವಾರು, ಅಂಕವಾರು, ಹಿಂದಿನ ಪ್ರಶ್ನೆಪತ್ರಿಕೆಗಳ ಸಮೇತ ಮಾರುಕಟ್ಟೆಗೆ ಬರುವ ಸಾಮರ್ಥ್ಯ ಇರುವುದು ಗೈಡಿಗೆ ಮಾತ್ರ. ಪಠ್ಯಪುಸ್ತಕದ ಆಯುಷ್ಯ ಕಡಿಮೆಯಾದಾಗ ಗೆಲ್ಲುವುದು ಬೇಗ ಬರೆಯಬಲ್ಲವನೇ ಹೊರತು ಚೆನ್ನಾಗಿ ಬರೆಯಬಲ್ಲವನಲ್ಲ.

ಗೈಡಿನಿಂದ ಕಳೆದುಹೋಗುವುದೇನು? ಉದಾಹರಣೆಗೆ ಮೈಸೂರು ಸಂಸ್ಥಾನದ ಇತಿಹಾಸ. ಗೈಡು ಹೇಳುತ್ತದೆ: 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡರು, 1881ರಲ್ಲಿ ಮರಳಿಸಿದರು. ಎರಡು ಅಂಕದ ಪ್ರಶ್ನೆಗೆ ಇದು ಸಾಕು. ಒಳ್ಳೆಯ ಪುಸ್ತಕವಾದರೆ ನಗರದ ರೈತರು ಏಕೆ ದಂಗೆಯೆದ್ದರು, ಕಂದಾಯದ ಭಾರ ಹೇಗಿತ್ತು, ಮಾರ್ಕ್ ಕಬ್ಬನ್ ಕಟ್ಟಿದ ಆಡಳಿತ ಹಳೆಯದರಲ್ಲಿ ಏನನ್ನು ಉಳಿಸಿಕೊಂಡಿತು, ಐವತ್ತು ವರ್ಷದ ಬಳಿಕ ಚಾಮರಾಜ ಒಡೆಯರ ಕೈಗೆ ಬಂದ ರಾಜ್ಯ ಮೊದಲಿನದೇ ಆಗಿತ್ತೇ ಎಂದು ಕೇಳುತ್ತ ಹೋಗುತ್ತದೆ. ಈ ಪ್ರಶ್ನೆಗಳ ನಡುವೆಯೇ ಓದುಗನಿಗೆ ಯೋಚಿಸುವ ಅಭ್ಯಾಸ ಬರುತ್ತದೆ. ಇಸವಿಗಳನ್ನು ಮರೆತರೂ ಆ ಅಭ್ಯಾಸ ಉಳಿಯುತ್ತದೆ. ಪದವಿಯಿಂದ ಸಮಾಜ ಬಯಸುವುದೂ ಅದನ್ನೇ.

ಆದರೆ ಪ್ರಶ್ನೆಪತ್ರಿಕೆ ಅದನ್ನು ಬಯಸುವುದಿಲ್ಲ. ಐದು ವರ್ಷದ ಪತ್ರಿಕೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಅವೇ ಪ್ರಶ್ನೆಗಳು ಸರದಿಯ ಮೇಲೆ ಬರುವುದು ಯಾರಿಗಾದರೂ ಕಾಣುತ್ತದೆ. ಪುಸ್ತಕ ಓದಿದವನಿಗೂ ಗೈಡು ಉರುಹೊಡೆದವನಿಗೂ ಅಂಕದಲ್ಲಿ ವ್ಯತ್ಯಾಸವಿಲ್ಲದಿದ್ದರೆ, ಅಥವಾ ಎರಡನೆಯವನಿಗೇ ನಾಲ್ಕು ಅಂಕ ಹೆಚ್ಚು ಬರುವುದಾದರೆ, ಪುಸ್ತಕ ಕೊಳ್ಳಿರೆಂದು ಹೇಳುವ ನೈತಿಕ ಹಕ್ಕು ನಮಗೆಲ್ಲಿಯದು? ಈಚೆಗಂತೂ ಗೈಡನ್ನೂ ಕೊಳ್ಳಬೇಕಿಲ್ಲ. ಮೊಬೈಲಿನಲ್ಲಿ ಪ್ರಶ್ನೆ ಹಾಕಿದರೆ ಕೃತಕ ಬುದ್ಧಿಮತ್ತೆ ಐದು ಅಂಕದ ಉತ್ತರವನ್ನು ಐದು ಕ್ಷಣದಲ್ಲಿ ಬರೆದುಕೊಡುತ್ತದೆ. ಗೈಡಿಗೆ ಒಪ್ಪುವ ಪರೀಕ್ಷೆ ಯಂತ್ರಕ್ಕೂ ಒಪ್ಪುತ್ತದೆ.

ಜೆರಾಕ್ಸ್ ಅಂಗಡಿ ಮತ್ತು ನ್ಯಾಯಾಲಯ

ಗೈಡು ಬೇಡ, ಮೂಲ ಪುಸ್ತಕವೇ ಬೇಕು ಎನ್ನುವ ವಿದ್ಯಾರ್ಥಿಗೆ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯೇ ಆಸರೆ. ಇದು ಕಳ್ಳತನವೇ, ಕಲಿಕೆಯ ಹಕ್ಕೇ? ಈ ಪ್ರಶ್ನೆ ದೆಹಲಿಯಲ್ಲಿ ನ್ಯಾಯಾಲಯದ ಕಟ್ಟೆ ಹತ್ತಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಎಂಬ ಅಂಗಡಿ, ಅಧ್ಯಾಪಕರು ಗೊತ್ತುಮಾಡಿದ ಅಧ್ಯಾಯಗಳನ್ನು ಹಲವು ಪುಸ್ತಕಗಳಿಂದ ತೆಗೆದು ಒಂದು ಕಟ್ಟು ಮಾಡಿ ಮಾರುತ್ತಿತ್ತು. 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಹಾಗೂ ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ವಿದ್ಯಾರ್ಥಿಗಳು ಅಂಗಡಿಯ ಪರ ನಿಂತರು. ನೂರಾರು ವಿದ್ವಾಂಸರು ದಾವೆ ಹಿಂತೆಗೆದುಕೊಳ್ಳುವಂತೆ ಪ್ರಕಾಶಕರನ್ನು ಕೋರಿದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತದೆ. ಹಿಂದೆ ಗ್ರಂಥಾಲಯದಲ್ಲಿ ಕುಳಿತು ಕೈಯಲ್ಲಿ ಬರೆದುಕೊಳ್ಳುತ್ತಿದ್ದುದು ತಪ್ಪಲ್ಲವಾದರೆ ಯಂತ್ರದಿಂದ ಮಾಡಿಕೊಳ್ಳುವುದು ಹೇಗೆ ತಪ್ಪಾದೀತು ಎಂಬುದು ತೀರ್ಪಿನ ತಾತ್ಪರ್ಯ. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕಾನೂನಿನ ಈ ಅರ್ಥವನ್ನು ಎತ್ತಿಹಿಡಿದರೂ, ಇಡೀ ಪುಸ್ತಕವನ್ನು ಪ್ರತಿ ಮಾಡುವುದು ಬೋಧನೆಯ ಅಗತ್ಯಕ್ಕೆ ಸಮನೇ ಎಂಬ ಅಂಶವನ್ನು ವಿಚಾರಣೆಗೆ ಮರಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆ ಹಿಂತೆಗೆದುಕೊಂಡರು. ಆ ಅಂಶ ಇತ್ಯರ್ಥವಾಗದೆ ಉಳಿಯಿತು.

ಈ ತೀರ್ಪನ್ನು ಸ್ವಾಗತಿಸುವಾಗಲೂ ನಮ್ಮ ನೆಲದ ಒಂದು ಸಂಗತಿ ಮರೆಯಬಾರದು. ದೊಡ್ಡ ಪ್ರಕಾಶನಗಳಿಗೆ ಜಗತ್ತೇ ಮಾರುಕಟ್ಟೆ. ಕನ್ನಡದಲ್ಲಿ ರಾಜ್ಯಶಾಸ್ತ್ರ ಬರೆದು ಸಾವಿರ ಪ್ರತಿ ಹಾಕಿಸುವ ಜಿಲ್ಲಾ ಕೇಂದ್ರದ ಅಧ್ಯಾಪಕನಿಗೆ ಆ ಸಾವಿರವೇ ಜಗತ್ತು. ಒಬ್ಬ ಕೊಂಡು ನಲವತ್ತು ಜನ ಜೆರಾಕ್ಸ್ ಮಾಡಿಸಿದರೆ, ಪಿಡಿಎಫ್ ಆಗಿ ವಾಟ್ಸಾಪಿನಲ್ಲಿ ಹರಿದರೆ, ಎರಡನೇ ಮುದ್ರಣವಿಲ್ಲ. ತಿದ್ದುಪಡಿಯೂ ಇಲ್ಲ, ಎರಡನೇ ಪುಸ್ತಕವೂ ಇಲ್ಲ. ವಿದ್ಯಾರ್ಥಿಯ ಬಡತನವೂ ನಿಜ, ಲೇಖಕನ ನಷ್ಟವೂ ನಿಜ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನಡುವಿನಿಂದ ಸರಿದುಕೊಂಡಿರುವುದು ಸರಕಾರ.

ಯಂತ್ರ ಬಂತು, ಪುಸ್ತಕ?

ಇದಕ್ಕೆಲ್ಲ ಡಿಜಿಟಲ್ ಪುಸ್ತಕವೇ ಮದ್ದೆಂಬ ಮಾತು ಬಹುಕಾಲದಿಂದ ಇದೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಕರ್ನಾಟಕ ಸರಕಾರ ಪದವಿ ವಿದ್ಯಾರ್ಥಿಗಳಿಗೆ ಮೊದಲು ಲ್ಯಾಪ್‌ಟಾಪ್, 2021ರಲ್ಲಿ ಟ್ಯಾಬ್ಲೆಟ್ ಹಂಚಿತು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 6,000 ಕೋಟಿ ರೂಪಾಯಿಗಳ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎಲ್ಲವೂ ಸ್ವಾಗತಾರ್ಹ. ಆದರೆ ಕೊನೆಯದು ಸಂಶೋಧನಾ ನಿಯತಕಾಲಿಕೆಗಳಿಗೆ ಸಂಬಂಧಿಸಿದ್ದು, ಬಿ.ಎ. ಎರಡನೇ ಸೆಮಿಸ್ಟರಿನ ಸಮಾಜಶಾಸ್ತ್ರ ಅದರಲ್ಲಿಲ್ಲ. ಟ್ಯಾಬ್ಲೆಟ್ ಕೈಗೆ ಬಂದ ದಿನ ಅದರಲ್ಲಿಟ್ಟು ಓದಲು ಕನ್ನಡದ ಪೂರ್ಣ ಪಠ್ಯಪುಸ್ತಕಗಳು ಎಷ್ಟಿದ್ದವು? ಹಲ್ಲಿದ್ದವನಿಗೆ ಕಡಲೆಯಿಲ್ಲ ಎಂಬಂತಾಯಿತು.

ಯುಜಿಸಿ 2024ರ ಜುಲೈನಲ್ಲಿ ಆರಂಭಿಸಿದ ‘ಅಸ್ಮಿತಾ’ ಯೋಜನೆಯ ಗುರಿ ಐದು ವರ್ಷಗಳಲ್ಲಿ ಭಾರತೀಯ ಭಾಷೆಗಳಲ್ಲಿ 22,000 ಪುಸ್ತಕಗಳು. 2025-26ರ ಕೇಂದ್ರ ಬಜೆಟ್ಟಿನಲ್ಲಿ ಭಾರತೀಯ ಭಾಷಾ ಪುಸ್ತಕ ಯೋಜನೆಯ ಘೋಷಣೆಯೂ ಆಗಿದೆ. ಕನ್ನಡದ ಪಾಲನ್ನು ಸಕಾಲಕ್ಕೆ, ಓದಬಲ್ಲ ಕನ್ನಡದಲ್ಲಿ ಪಡೆದುಕೊಳ್ಳುವುದು ನಮ್ಮ ವಿಶ್ವವಿದ್ಯಾಲಯಗಳ ಕೆಲಸ. ಇಲ್ಲೂ ಅದೇ ಎಚ್ಚರ ಬೇಕು: ಐದು ವರ್ಷ ಹಿಡಿದು ಸಿದ್ಧವಾಗುವ ಪುಸ್ತಕಕ್ಕೆ ಮೂರು ವರ್ಷಕ್ಕೊಮ್ಮೆ ಬದಲಾಗುವ ಪಠ್ಯಕ್ರಮ ಜೊತೆಯಾದರೆ, ಪುಸ್ತಕ ಹುಟ್ಟುವ ಮೊದಲೇ ಹಳತಾಗಿರುತ್ತದೆ.

ಮಾಡಬಹುದಾದದ್ದು

ಮೊದಲನೆಯದಾಗಿ, ಪದವಿ ಪಠ್ಯಕ್ರಮಕ್ಕೆ ಕನಿಷ್ಠ ಐದು ವರ್ಷದ ಆಯುಷ್ಯವನ್ನು ನಿಯಮದಿಂದಲೇ ಗೊತ್ತುಮಾಡಬೇಕು. ಬದಲಾವಣೆ ಅನಿವಾರ್ಯವಾದರೆ ಒಂದು ವರ್ಷ ಮೊದಲೇ ಪ್ರಕಟಿಸಬೇಕು. ತೆರಿಗೆ ಕಾನೂನು, ಗಣಕ ವಿಜ್ಞಾನಗಳಂಥ ವಿಷಯಗಳು ಬೇಗ ಬದಲಾಗುತ್ತವಲ್ಲ ಎಂಬ ಆಕ್ಷೇಪ ಸರಿಯೇ. 2017ರಲ್ಲಿ ಜಿಎಸ್‌ಟಿ ಬಂದಾಗ ಹಳೆಯ ಮಾರಾಟ ತೆರಿಗೆಯ ಪಾಠ ಮಾಡುತ್ತ ಕೂರುವಂತಿರಲಿಲ್ಲ. ಅದಕ್ಕೆ ಇಡೀ ಪುಸ್ತಕ ಬದಲಾಗಬೇಕಿಲ್ಲ. ನಲವತ್ತು ಪುಟದ ಅನುಬಂಧ ಸಾಕು. ಇತಿಹಾಸ, ಗಣಿತ, ಸಾಹಿತ್ಯಗಳಿಗಂತೂ ಈ ಅವಸರವೇ ಇಲ್ಲ.

ಎರಡನೆಯದಾಗಿ, ಪ್ರತಿ ವಿಷಯದ ಮೂಲಭಾಗವನ್ನಾದರೂ ರಾಜ್ಯದ ವಿಶ್ವವಿದ್ಯಾಲಯಗಳು ಒಮ್ಮತದಿಂದ ಒಂದಾಗಿಸಿಕೊಳ್ಳಬೇಕು. ಸ್ವಾಯತ್ತತೆಯನ್ನು ಉಳಿದ ಭಾಗದಲ್ಲಿ ತೋರಿಸಲಿ. ಮಾರುಕಟ್ಟೆ ದೊಡ್ಡದಾದರೆ ಒಳ್ಳೆಯ ಲೇಖಕರು ಬರುತ್ತಾರೆ, ಬೆಲೆ ಇಳಿಯುತ್ತದೆ.

ಮೂರನೆಯದಾಗಿ, ಪ್ರಸಾರಾಂಗಗಳು ಸಾರ್ವಜನಿಕರ ಹಣದಲ್ಲಿ ಸಿದ್ಧಪಡಿಸಿದ ಪ್ರತಿಯೊಂದು ಪಠ್ಯವೂ ಸೆಮಿಸ್ಟರಿನ ಮೊದಲ ದಿನ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಉಚಿತವಾಗಿ ಇರಬೇಕು. ಬೇಕಾದವರು ಮುದ್ರಿತ ಪ್ರತಿ ಕೊಳ್ಳಲಿ. ಪಠ್ಯದಲ್ಲಿ ಸೇರಿದ ಕವಿ, ಕಥೆಗಾರರಿಗೆ ಗೌರವಧನವನ್ನು ಮೊದಲೇ ಸಲ್ಲಿಸಿದರೆ ಯಾರಿಗೂ ಅನ್ಯಾಯವಿಲ್ಲ.

ನಾಲ್ಕನೆಯದಾಗಿ, ಪುಸ್ತಕ ಬ್ಯಾಂಕು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ ಕೇಂದ್ರ ಸರಕಾರ ಹಲವು ವರ್ಷ ನಡೆಸಿದ ಪುಸ್ತಕ ಬ್ಯಾಂಕ್ ಯೋಜನೆಯಲ್ಲಿ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಮೊದಲಾದ ಕೋರ್ಸುಗಳಿಗೆ ಇಬ್ಬರಿಗೊಂದು ಸೆಟ್ಟು ಪುಸ್ತಕ ಕೊಡುವ ನಿಯಮವಿತ್ತು. ಒಂದು ಸೆಟ್ಟಿನ ಆಯುಷ್ಯ ಮೂರು ವರ್ಷವೆಂದೂ ಅದರಲ್ಲಿ ಬರೆದಿತ್ತು. ಬಿ.ಎ., ಬಿ.ಕಾಂ. ವಿದ್ಯಾರ್ಥಿ ಆ ಪಟ್ಟಿಯಲ್ಲಿರಲಿಲ್ಲ. ವೃತ್ತಿಶಿಕ್ಷಣಕ್ಕೆ ಮಾತ್ರ ಪುಸ್ತಕ ಬೇಕು, ಇತರರಿಗೆ ಗೈಡು ಸಾಕು ಎಂದು ಭಾವಿಸಿದಂತಿತ್ತು. ಪ್ರತಿ ಸರಕಾರಿ ಪದವಿ ಕಾಲೇಜಿನಲ್ಲೂ, ಎಲ್ಲ ಜಾತಿಯ ಬಡವರಿಗೂ ಇಂಥ ಬ್ಯಾಂಕು ಆರಂಭವಾಗಬೇಕು. ಮೂರು ವರ್ಷ ಬಾಳುವ ಪುಸ್ತಕವನ್ನು ಆರು ಜನ ಬಳಸಿದರೆ ತಲಾ ಖರ್ಚು ಒಂದು ಊಟದ ಬೆಲೆಗಿಳಿಯುತ್ತದೆ. ಅದಕ್ಕೂ ಮೊದಲು ಪಠ್ಯಕ್ರಮ ಅಷ್ಟು ಕಾಲ ನಿಲ್ಲಬೇಕು, ಅಷ್ಟೆ.

ಕೊನೆಯದು ಪರೀಕ್ಷೆ. ಪ್ರತಿ ಪತ್ರಿಕೆಯಲ್ಲಿ ಒಂದಾದರೂ ಪ್ರಶ್ನೆ, ನಿಗದಿತ ಪುಸ್ತಕವನ್ನು ಇಡಿಯಾಗಿ ಓದಿದವನು ಮಾತ್ರ ಬರೆಯಬಲ್ಲಂಥದ್ದು ಇರಲಿ. ಬೇಕಿದ್ದರೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಲಿ. ಓದಿದ್ದಕ್ಕೆ ಬೆಲೆಯಿದೆಯೆಂದು ಗೊತ್ತಾದ ದಿನ ಓದುವವರು ಬರುತ್ತಾರೆ.

ರಾಜ್ಯ ಶಿಕ್ಷಣ ನೀತಿ ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸರಕಾರದ ಕೈಸೇರಿದೆ. ಅದರ ಶಿಫಾರಸುಗಳನ್ನು ಜಾರಿಗೆ ತರುವಾಗ ಪಠ್ಯಕ್ರಮ ಮತ್ತೊಮ್ಮೆ ತಿರುವುಮುರುವಾಗುವ ಸಂಭವ ಇದ್ದೇ ಇದೆ. ಎಷ್ಟು ವರ್ಷದ ಪದವಿ, ಎಷ್ಟು ಭಾಷೆ, ಎಷ್ಟು ಅಂಕ ಎಂಬ ಚರ್ಚೆ ಸಾಕಷ್ಟು ನಡೆಯುತ್ತದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಪೋಷಕರ, ಅಧ್ಯಾಪಕರ ಕರ್ತವ್ಯ: ಈ ಸಲ ನಾವು ಕೊಡಿಸುವ ಪುಸ್ತಕ ಎಷ್ಟು ವರ್ಷ ನಡೆಯುತ್ತದೆ? ಅಕ್ಕ ಓದಿದ್ದು ತಂಗಿಗೆ ಬರುತ್ತದೆಯೇ? ಇದಕ್ಕೆ ಸರಕಾರದಿಂದ ಲಿಖಿತ ಉತ್ತರ ಸಿಗುವವರೆಗೆ ಅವೆನ್ಯೂ ರಸ್ತೆಯ ಅಂಗಡಿಯವರು ಸ್ಕೀಮು ಕೇಳುತ್ತಲೇ ಇರುತ್ತಾರೆ, ವಿದ್ಯಾರ್ಥಿಗಳು ಗೈಡು ಕೊಳ್ಳುತ್ತಲೇ ಇರುತ್ತಾರೆ.